ಎಡಗೈ ಹೆಬ್ಬೆರಳ ನೋವು: ವೀಣೆ ಬಿಡಬೇಕಾ, ಕ್ಯಾಮೆರಾ ಬಿಡಬೇಕಾ?

ಹಾಸನದ ವೀಣೆ
ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಊರು ಹಾಸನ. ಮೂರು ವರ್ಷದಿಂದ ವೀಣೆ ಕಲಿಯುತ್ತಿದ್ದೇನೆ. ಸರಳೆ, ಜಂಟಿ, ಅಲಂಕಾರ, ಗೀತೆ ಎಲ್ಲ ಆಗಿ ಈಗ ವರ್ಣ ಅನ್ನುವ ದೊಡ್ಡ ರಚನೆಗೆ ಬಂದಿದ್ದೇನೆ. ಇನ್ನೊಂದು ಹುಚ್ಚು ಫೋಟೊ. ಭಾನುವಾರ ಬಂತೆಂದರೆ ಹಳೇಬೀಡಿಗೋ ಬೇಲೂರಿಗೋ ಹೋಗುತ್ತೇನೆ. ಗೋಡೆಯ ಮೇಲೆ ವಾದ್ಯ ನುಡಿಸುವ ಶಿಲ್ಪಗಳು ಎಲ್ಲೆಲ್ಲಿವೆ ಅಂತ ಹುಡುಕಿ ಒಂದೊಂದನ್ನೇ ತೆಗೆದಿಡುತ್ತಿದ್ದೇನೆ. ಮದ್ದಳೆ ಬಾರಿಸುವವರು, ತಾಳ ಹಾಕುವವರು, ಕೊಳಲು ಹಿಡಿದ ವೇಣುಗೋಪಾಲ. ಇಲ್ಲಿಯವರೆಗೆ 212 ಫೋಟೊ ಆಗಿವೆ.

ಎರಡು ತಿಂಗಳಿಂದ ಎಡಗೈ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ನೋವು. ಮೊದಲು ಬೆಳಿಗ್ಗೆ ಮಾತ್ರ ಇತ್ತು. ಈಗ ಬಾಟಲಿ ಮುಚ್ಚಳ ತಿರುಗಿಸಿದರೂ ಚಳಕ್ ಅನ್ನುತ್ತದೆ. ಡಾಕ್ಟರಿಗೆ ತೋರಿಸಿದೆ. ಡಿ ಕ್ವರ್ವೇನ್ ಅಂತ ಹೆಸರು ಹೇಳಿದರು. ಆರು ವಾರ ಕೈಗೆ ವಿಶ್ರಾಂತಿ ಕೊಡಿ, ವೀಣೆ ಮುಟ್ಟಬೇಡಿ ಅಂದರು. ನಮ್ಮ ಮೇಷ್ಟ್ರು ಬೇರೆ ಮಾತು ಹೇಳುತ್ತಾರೆ. ಒಂದು ದಿನ ಸಾಧನೆ ಬಿಟ್ಟರೆ ಹತ್ತು ದಿನ ಹಿಂದಕ್ಕೆ ಹೋಗುತ್ತೀರಿ, ನಿಧಾನವಾಗಿಯಾದರೂ ನುಡಿಸಿ ಅಂತ.

ನಲವತ್ತು ದಾಟಿದ ಮೇಲೆ ಕಲಿಯಲು ಕೂತವಳಿಗೆ ಆರು ವಾರ ಅನ್ನುವುದು ಸಣ್ಣ ಮಾತಲ್ಲ. ಬೆರಳು ಈಗಷ್ಟೇ ಮೇಳದ ಮೇಲೆ, ಅಂದರೆ ತಂತಿ ಒತ್ತುವ ಮೆಟ್ಟಿಲುಗಳ ಮೇಲೆ, ತಾನಾಗಿ ಓಡುವುದನ್ನು ಕಲಿತಿತ್ತು. ರಾತ್ರಿ ಮಲಗಿದಾಗ ಇದೇ ಯೋಚನೆ. ವೀಣೆಯಲ್ಲೂ ಎಡಗೈಯೇ, ಕ್ಯಾಮೆರಾದಲ್ಲಿ ಲೆನ್ಸ್ ಹಿಡಿಯುವುದೂ ಎಡಗೈಯೇ. ಯಾವುದರಿಂದ ಬಂತು? ಯಾವುದನ್ನು ಬಿಡಲಿ? ಇಂಥ ನೋವು ಅನುಭವಿಸಿದವರು ದಯವಿಟ್ಟು ಹೇಳಿ.

ತರೀಕೆರೆ ತಿರುವು
ಎರಡನ್ನೂ ಬಿಡಬೇಡಿ ಅಕ್ಕ. ಮೊದಲು ಮೊಬೈಲ್ ಬಿಡಿ. ನನ್ನ ತಂಗಿಗೆ ಇದೇ ನೋವು ಬಂದದ್ದು ಹೆಬ್ಬೆರಳಲ್ಲಿ ಟೈಪ್ ಮಾಡಿ ಮಾಡಿ.

ಮೃದಂಗ ಅರಕಲಗೂಡು
ಮೇಡಂ, ನಿಮ್ಮ ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕೈ ನೋವು ಬಾರದ ವಾದ್ಯಗಾರ ಯಾರಿದ್ದಾನೆ? ನಮ್ಮ ಕಾಲದಲ್ಲಿ ಬೆರಳ ತುದಿ ಒಡೆದು ರಕ್ತ ಬಂದರೂ ಪಾಠ ನಿಲ್ಲುತ್ತಿರಲಿಲ್ಲ. ಎಣ್ಣೆ ಹಚ್ಚಿಕೊಂಡು ಮತ್ತೆ ಕೂರುತ್ತಿದ್ದೆವು. ಪೂರ್ತಿ ಬಿಟ್ಟರೆ ಕೈ ಬಿಗಿಯುತ್ತದೆ. ಆಮೇಲೆ ಮನಸ್ಸೂ ಬಿಗಿಯುತ್ತದೆ. ಹಾಗೆ ಬಿಟ್ಟು ಮರಳಿ ಬಾರದವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ದಿನಕ್ಕೆ ಅರ್ಧ ಗಂಟೆಯಾದರೂ ನುಡಿಸಿ.

ಪಿಟೀಲು ಬಾಣಾವರ
ಸರ್, ಇಲ್ಲಿ ನಾನು ಒಪ್ಪುವುದಿಲ್ಲ. ಬೆರಳ ತುದಿಯ ಚರ್ಮ ಒಡೆಯುವುದು ಬೇರೆ, ಒಳಗಿನ ನರದ ಹತ್ತಿರ ನೋವು ಬರುವುದು ಬೇರೆ. ಚರ್ಮ ಗಟ್ಟಿಯಾಗುತ್ತದೆ. ಒಳಗಿನದು ಹಾಗೆ ಗಟ್ಟಿಯಾಗುವುದಿಲ್ಲ. ನನಗೆ ಭುಜದಲ್ಲಿ ನೋವು ಬಂದಾಗ ಇದೇ ಮಾತು ಕೇಳಿ ಎರಡು ತಿಂಗಳು ಹಲ್ಲು ಕಚ್ಚಿಕೊಂಡು ನುಡಿಸಿದೆ. ಆಮೇಲೆ ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗಲಿಲ್ಲ. ಎಂಟು ತಿಂಗಳು ಪಿಟೀಲು ಪೆಟ್ಟಿಗೆಯಲ್ಲೇ ಇತ್ತು. ಮೊದಲೇ ಒಂದು ತಿಂಗಳು ಬಿಟ್ಟಿದ್ದರೆ ಆ ಎಂಟು ತಿಂಗಳು ಉಳಿಯುತ್ತಿತ್ತು. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅಕ್ಕ, ದಯವಿಟ್ಟು ಡಾಕ್ಟರ್ ಮಾತು ಕೇಳಿ.

ಫಿಸಿಯೋ ಚಿಕ್ಕಮಗಳೂರು
ನಾನು ಫಿಸಿಯೋಥೆರಪಿ ಮಾಡುವವಳು. ಕೈ ನೋಡದೆ ಖಚಿತವಾಗಿ ಹೇಳಲಾಗದು. ಆದರೆ ನೀವು ಹೇಳಿದ ಜಾಗ ಆ ಕಾಯಿಲೆಗೆ ಸರಿಯಾಗಿ ಹೊಂದುತ್ತದೆ.

ಹೆಬ್ಬೆರಳನ್ನು ಆಚೆಗೆ ಎಳೆಯುವ ಎರಡು ಸ್ನಾಯುರಜ್ಜುಗಳಿವೆ. ಇಂಗ್ಲಿಷಿನಲ್ಲಿ ಟೆಂಡನ್ ಅನ್ನುತ್ತಾರಲ್ಲ, ಅದೇ. ಎರಡೂ ಮಣಿಕಟ್ಟಿನ ಹತ್ತಿರ ಒಂದೇ ಕಿರಿದಾದ ಕೊಳವೆಯೊಳಗೆ ಹಾದುಹೋಗುತ್ತವೆ. ಆ ಕೊಳವೆಯ ಗೋಡೆ ದಪ್ಪವಾದರೆ ಟೆಂಡನ್ ಜಾರುವುದಿಲ್ಲ, ಉಜ್ಜುತ್ತದೆ. ಅದೇ ನೋವು. ಸ್ವಿಟ್ಜರ್ಲೆಂಡಿನ ಡಿ ಕ್ವರ್ವೇನ್ ಎಂಬ ಸರ್ಜನ್ 1895ರಲ್ಲಿ ಇದನ್ನು ವಿವರಿಸಿದರು. ಹಾಗಾಗಿ ಆ ಹೆಸರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಾಗಿಸಿದರೆ ಚುಚ್ಚಿದಂತೆ ನೋಯುತ್ತದೆ. ನಿಮ್ಮ ಡಾಕ್ಟರ್ ಬಹುಶಃ ಇದನ್ನೇ ಮಾಡಿ ನೋಡಿರುತ್ತಾರೆ. ನೀವು ಮನೆಯಲ್ಲಿ ಮತ್ತೆ ಮತ್ತೆ ಮಾಡಿ ನೋಡಬೇಡಿ, ನೋವು ಜಾಸ್ತಿಯಾಗುತ್ತದೆ.

ಯಾವುದರಿಂದ ಬಂತು ಅಂತ ತಿಳಿಯಲು ಒಂದು ಉಪಾಯವಿದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ರಾತ್ರಿ ಎರಡು ಸಾಲು ಬರೆಯಿರಿ. ಇವತ್ತು ಎಡಗೈಯಲ್ಲಿ ಏನೇನು ಮಾಡಿದೆ, ನೋವು ಹತ್ತಕ್ಕೆ ಎಷ್ಟು. ತೆಂಗಿನಕಾಯಿ ತುರಿದದ್ದು, ಬಟ್ಟೆ ಹಿಂಡಿದ್ದು, ಗಾಡಿಯ ಕ್ಲಚ್ ಹಿಡಿದದ್ದು, ಮಗು ಎತ್ತಿಕೊಂಡದ್ದು, ಮೊಬೈಲ್ ಎಲ್ಲ ಬರೆಯಿರಿ. ನಮ್ಮಲ್ಲಿಗೆ ಬರುವ ಹೆಂಗಸರಲ್ಲಿ ಬಾಣಂತಿಯರು ಜಾಸ್ತಿ. ಮಗುವನ್ನು ಕಂಕುಳಲ್ಲಿ ಕೈಹಾಕಿ ಎತ್ತುವುದರಿಂದ ಬರುತ್ತದೆ.

ಇನ್ನೊಂದು ಮಾತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಅದು ಬೇರೆ ತೊಂದರೆ, ನರ ಒತ್ತಿಕೊಂಡಿರುವುದು. ಅದನ್ನು ಬೇರೆಯಾಗಿಯೇ ತೋರಿಸಬೇಕು. ಸಕ್ಕರೆ, ಥೈರಾಯ್ಡ್ ಎರಡನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಇವು ಇದ್ದವರಿಗೆ ಕೈ, ಭುಜದ ಇಂಥ ತೊಂದರೆ ಬೇಗ ಬರುತ್ತದೆ.

ಹಾಸನದ ವೀಣೆ
ಜೋಮು ಇಲ್ಲ ಮೇಡಂ, ಬರೀ ನೋವು. ನೋಟ್‌ಬುಕ್ ಇವತ್ತಿನಿಂದಲೇ ಶುರು ಮಾಡುತ್ತೇನೆ. ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್.

ಕೊಪ್ಪದ ಅಜ್ಜಿಮನೆ
ನಾವು ಇಂಥದ್ದಕ್ಕೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ, ಉಪ್ಪಿನ ಕಾವು ಕೊಡುತ್ತೇವೆ. ಉಳುಕು ತೆಗೆಯುವವರೂ ನಮ್ಮ ಕಡೆ ಇದ್ದಾರೆ. ಒಂದೇ ಸಲ ಎಳೆದು ಸರಿ ಮಾಡುತ್ತಾರೆ.

ಫಿಸಿಯೋ ಚಿಕ್ಕಮಗಳೂರು
ಕೊಪ್ಪದವರೇ, ಹಿತವಾಗಿದ್ದರೆ ಎಣ್ಣೆ, ಕಾವು ತೊಂದರೆಯಿಲ್ಲ. ಊದಿಕೊಂಡು ಬಿಸಿಯಿದ್ದರೆ ಐಸ್ ಒಳ್ಳೆಯದು, ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ. ಆದರೆ ಎಳೆಸಬೇಡಿ, ಗಟ್ಟಿಯಾಗಿ ತಿಕ್ಕಿಸಲೂಬೇಡಿ. ಇದು ಉಳುಕಲ್ಲ. ಮೊದಲೇ ಉಜ್ಜಿ ಕೆಂಪಾದ ಜಾಗವನ್ನು ಮತ್ತೆ ತಿಕ್ಕಿದ ಹಾಗಾಗುತ್ತದೆ. ಹಾಗೆ ಎಳೆಸಿಕೊಂಡು ಆಮೇಲೆ ನಮ್ಮಲ್ಲಿಗೆ ಬಂದವರಿದ್ದಾರೆ.

ಕೊಪ್ಪದ ಅಜ್ಜಿಮನೆ
ಸರಿ, ಎಳೆಸುವುದು ಬೇಡ. ಎಣ್ಣೆ ಮಾತ್ರ ಬಿಡುವುದಿಲ್ಲ. ನಮ್ಮಮ್ಮನ ಮಂಡಿಗೆ ಅದರಿಂದಲೇ ನಿದ್ದೆ ಬರುತ್ತದೆ.

ಬೇಲೂರು ರಸ್ತೆ
ಮೇಡಂ, ಯಾವ ಲೆನ್ಸ್ ಬಳಸುತ್ತೀರಿ? ಹೇಗೆ ಹಿಡಿಯುತ್ತೀರಿ? ವೀಣೆಗಿಂತ ನನಗೆ ಅದರ ಮೇಲೇ ಅನುಮಾನ.

ಹಾಸನದ ವೀಣೆ
70-200 ಎಂಎಂ ಜೂಮ್ ಲೆನ್ಸ್, ಎಫ್ 2.8. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ಲೋಟ ಹಿಡಿದ ಹಾಗೆ ಹಿಡಿದು ಜೂಮ್ ತಿರುಗಿಸುತ್ತೇನೆ.

ಬೇಲೂರು ರಸ್ತೆ
ಸಿಕ್ಕಿತು ನೋಡಿ. ಆ ಲೆನ್ಸ್ ಒಂದೇ ಒಂದೂವರೆ ಕೆಜಿ ಹತ್ತಿರ ಬರುತ್ತದೆ. ಮೇಲೆ ಕ್ಯಾಮೆರಾ ಬೇರೆ. ಲೋಟದ ಹಿಡಿತದಲ್ಲಿ ಅಷ್ಟೂ ಭಾರ ಹೆಬ್ಬೆರಳ ಮೇಲೆ ತೂಗುತ್ತದೆ. ಅದೇ ಬೆರಳಲ್ಲಿ ಜೂಮನ್ನೂ ತಿರುಗಿಸುತ್ತೀರಿ. ಹಳೇಬೀಡಿನಲ್ಲಿ ಮೂರು ಗಂಟೆ ಹಾಗೆ ನಿಂತರೆ ಯಾರ ಕೈಯಾದರೂ ಸೋಲುತ್ತದೆ.

ಹೀಗೆ ಮಾಡಿ. ಎಡ ಅಂಗೈಯನ್ನು ಮೇಲ್ಮುಖ ಮಾಡಿ. ಲೆನ್ಸು ಅಂಗೈ ಮೇಲೆ ಮಲಗಲಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಭಾರ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಮೈಗೆ ಇಳಿಯಬೇಕು. ಹೆಬ್ಬೆರಳು ಸುಮ್ನೆ ಪಕ್ಕದಲ್ಲಿರಲಿ. ನಡುವೆ ಕ್ಯಾಮೆರಾ ಕುತ್ತಿಗೆಗೆ ಬಿಡಿ. ಅದಕ್ಕಿಂತ ಒಳ್ಳೆಯದು ಅಡ್ಡಹಾಕುವ ಅಗಲ ಪಟ್ಟಿ. ಆಗುವುದಾದರೆ ಎಫ್ 4ರ ಲೆನ್ಸ್ ನೋಡಿ, ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 2.8 ಇರುವುದು ಕಡಿಮೆ ಬೆಳಕಿಗೆ, ಹೊರಗೋಡೆಯ ಶಿಲ್ಪಕ್ಕೆ ಯಾಕೆ ಬೇಕು? ಬಯಲಲ್ಲಿ ಬೆಳಕಿಗೆ ಬರವೇ?

ಮಂಜಿನ ಗಿರಿ
ಟ್ರೈಪಾಡ್ ಇಟ್ಟರೆ ಮುಗಿಯಿತಲ್ಲ?

ಬೇಲೂರು ರಸ್ತೆ
ಅದು ಪುರಾತತ್ವ ಇಲಾಖೆಯ ಸ್ಮಾರಕ. ಕೈಯಲ್ಲಿ ಹಿಡಿದು ಫೋಟೊ ತೆಗೆಯಬಹುದು. ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಒಂಟಿಕಾಲಿನ ಮೋನೋಪಾಡ್ ಒಯ್ಯುವುದಾದರೂ ಮೊದಲು ಗೇಟಿನಲ್ಲಿ ಕೇಳಿ. ಕಲ್ಲಿನ ನೆಲಕ್ಕೆ ರಬ್ಬರ್ ತುದಿಯದೇ ಬೇಕು. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿತ್ತು ಅಂತಲೇ ಅಷ್ಟು ಸಣ್ಣ ಕೆತ್ತನೆ ಆಯಿತು. ಗಾಳಿಗೆ ಗಟ್ಟಿಯಾಗಿದೆ, ಆದರೂ ಗೀರು ಬೀಳುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕಿಂತ ಮೊದಲೂ ಅದು ನಮ್ಮದೇ. ಜೋಪಾನ ಮಾಡುವುದೂ ನಮ್ಮ ಕೆಲಸ.

ಮಂಜಿನ ಗಿರಿ
ಒಪ್ಪಿದೆ. ಹಳೇಬೀಡಿಗೆ ಸಂಜೆ ಐದಕ್ಕೆ ಹೋಗಿ ಮೇಡಂ, ಒಳ್ಳೆಯ ಬೆಳಕು. ಆ ಹೊತ್ತಿಗೆ ಗೋಡೆ ಪೂರ್ತಿ ಬಂಗಾರದ ಬಣ್ಣ.

ಬೇಲೂರು ರಸ್ತೆ
ಬಣ್ಣಕ್ಕೆ ಸಂಜೆ ಸರಿ. ಕೆತ್ತನೆಗೆ ಅಲ್ಲ. ದೇವಸ್ಥಾನದ ಮುಖ ಮೂಡಲಿಗೆ. ಒಳ್ಳೆಯ ಶಿಲ್ಪಗಳೆಲ್ಲ ಹಿಂದಿನ ಪಡುವಣ ಗೋಡೆಯಲ್ಲಿ. ಸಂಜೆಯ ಬಿಸಿಲು ಆ ಗೋಡೆಗೆ ನೇರವಾಗಿ ಹೊಡೆಯುತ್ತದೆ. ನೆರಳು ಶಿಲ್ಪದ ಹಿಂದೆ ಅಡಗುತ್ತದೆ, ಕೆತ್ತನೆ ಚಪ್ಪಟೆ ಕಾಣುತ್ತದೆ. ಸೂರ್ಯ ತಲೆ ಮೇಲಿಂದ ಈಚೆಗೆ ವಾಲಿದ ಕೂಡಲೇ, ಒಂದೂವರೆಯಿಂದ ಎರಡೂವರೆವರೆಗೆ, ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಆಗ ನೋಡಬೇಕು, ಒಂದೊಂದು ಸರದ ಮಣಿಯೂ ಎದ್ದು ಬರುತ್ತದೆ. ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಹೋಗಿರುತ್ತಾರೆ.

ಮಂಜಿನ ಗಿರಿ
ಗೋಡೆ ನೇರವಾಗಿದ್ದರೆ ನಿಮ್ಮ ಲೆಕ್ಕ ಸರಿ. ಅದು ನಕ್ಷತ್ರದ ಹಾಗೆ ಮೂಲೆ ಮೂಲೆ ಮುರಿದುಕೊಂಡಿದೆ. ಒಂದೊಂದು ಮುಖಕ್ಕೆ ಒಂದೊಂದು ಹೊತ್ತು ಓರೆ ಬೆಳಕು ಸಿಗುತ್ತದೆ. ಸಂಜೆಗೂ ಬಡಗು ಮುಖದ ಮೂಲೆಗಳಲ್ಲಿ ಚೆನ್ನಾಗಿ ಬರುತ್ತದೆ.

ಬೇಲೂರು ರಸ್ತೆ
ಅದು ನಿಜ. ಮೂಲೆಗಳನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಸಲ ಸಂಜೆ ಹೋಗಿ ನೋಡುತ್ತೇನೆ.

ಸಕಲೇಶಪುರದ ಮಳೆ
ಇಬ್ಬರೂ ಬಿಸಿಲಿನ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಇಪ್ಪತ್ತು ದಿನದಿಂದ ಸೂರ್ಯನ ಮುಖ ಕಂಡಿಲ್ಲ. ನನ್ನ ಕಷ್ಟ ಬೇರೆ. ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು ಬಂದಿವೆ. ಫಂಗಸ್ ಅಂತೆ. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಮುಗಿಯಿತಾ ಕಥೆ?

ಮೂಡಿಗೆರೆ ತೋಟ
ಚರ್ಮದ ಚೀಲ, ಮರದ ಬೀರು ಎರಡೂ ಮಲೆನಾಡಿನ ಮಳೆಗಾಲಕ್ಕೆ ಆಗುವುದಿಲ್ಲ ಅಣ್ಣ. ಚರ್ಮ ನೀರು ಹೀರಿ ಇಟ್ಟುಕೊಳ್ಳುತ್ತದೆ, ಬೀರುವಿನಲ್ಲಿ ಗಾಳಿಯಿಲ್ಲ, ಬೆಳಕೂ ಇಲ್ಲ. ಬೂಷ್ಟಿಗೆ ಅದೇ ಬೇಕು. ಈಗಷ್ಟೇ ಶುರುವಾಗಿದ್ದರೆ ರಿಪೇರಿಯವರು ಬಿಚ್ಚಿ ಒರೆಸಿ ಕೊಡುತ್ತಾರೆ. ಗಾಜಿನ ಮೇಲಿನ ಲೇಪವನ್ನು ತಿಂದಿದ್ದರೆ ಕಲೆ ಉಳಿಯುತ್ತದೆ. ಹಾಗಾಗಿ ತಡ ಮಾಡಬೇಡಿ. ಆ ಲೆನ್ಸನ್ನು ಉಳಿದವುಗಳ ಜೊತೆ ಇಡಲೂಬೇಡಿ.

ನಾನು ಮಾಡುವುದು ಇಷ್ಟೇ. ಅಡುಗೆ ಮನೆಯ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ. ಅದರಲ್ಲಿ ಸಿಲಿಕಾ ಜೆಲ್. ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಶೇಕಡಾ 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯಲ್ಲಿ ಆಮೇಲೆ ಅಡುಗೆ ಮಾತ್ರ ಮಾಡಬೇಡಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ವಾಸಿ. ಮೀಟರ್ ಇಡದೆ ಸುಮ್ನೆ ಜೆಲ್ ಸುರಿದರೆ ತೀರಾ ಒಣಗಿ ರಬ್ಬರ್ ಹಾಳಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸಿ. ಬಳಸುವ ಲೆನ್ಸಿಗೆ ಬೂಷ್ಟು ಅಷ್ಟು ಬೇಗ ಹಿಡಿಯುವುದಿಲ್ಲ.

ತರೀಕೆರೆ ತಿರುವು
ಅಕ್ಕಿ ಡಬ್ಬದಲ್ಲಿ ಇಟ್ಟರೆ ಆಗುವುದಿಲ್ವಾ? ಮೊಬೈಲ್ ನೀರಿಗೆ ಬಿದ್ದಾಗ ಹಾಗೇ ಮಾಡುತ್ತೇವಲ್ಲ.

ಮೂಡಿಗೆರೆ ತೋಟ
ಬೇಡ. ಅಕ್ಕಿ ಅಷ್ಟು ನೀರು ಹೀರುವುದಿಲ್ಲ. ಅದರ ಹಿಟ್ಟಿನ ಧೂಳು ಲೆನ್ಸಿನ ಸಂದಿಗೆ ಹೋಗುತ್ತದೆ. ಬೂಷ್ಟಿಗೆ ಅದು ಊಟ ಹಾಕಿದ ಹಾಗೆ.

ಮೃದಂಗ ಅರಕಲಗೂಡು
ಮಳೆಗಾಲ ಅಂದಿರಲ್ಲ, ಮೃದಂಗಕ್ಕೂ ಇದೇ ಗೋಳು. ಚರ್ಮ ತೇವ ಹೀರಿ ಸಡಿಲವಾಗುತ್ತದೆ. ಬೆಳಿಗ್ಗೆ ಶ್ರುತಿಗೆ ಕಟ್ಟಿದ್ದು ಸಂಜೆಗೆ ಇಳಿದಿರುತ್ತದೆ. ನಾನು ಕಪಾಟಿನ ಕೆಳಗಡೆ ಒಂದು ಸಣ್ಣ ಹಳೇ ಕಾಲದ ಬಲ್ಬು ಉರಿಸಿ ಇಡುತ್ತೇನೆ. ಈಗಿನ ಎಲ್‌ಇಡಿ ಆಗುವುದಿಲ್ಲ, ಅದರಲ್ಲಿ ಕಾವಿಲ್ಲ. ಯಕ್ಷಗಾನದವರು ಚೆಂಡೆ, ಮದ್ದಳೆಯನ್ನು ಬೆಂಕಿ ಹತ್ತಿರ ಹಿಡಿದು ಕಾಯಿಸುತ್ತಿದ್ದರು. ತೀರಾ ಹತ್ತಿರ ಹಿಡಿದರೆ ಚರ್ಮ ಸೀಳುತ್ತದೆ, ಹುಷಾರು.

ಕೊಳಲು ಕಡೂರು
ಕೊಳಲಿನದು ಇನ್ನೊಂದು ಕಥೆ. ಚಳಿಗಾಲದಲ್ಲಿ ಗಿರಿಯ ಕಡೆ ಬೆಳಗಿನ ಕಾರ್ಯಕ್ರಮಕ್ಕೆ ಹೋದರೆ ಕೊಳಲು ಇಳಿದೇ ಇರುತ್ತದೆ. ಗಾಳಿ ತಣ್ಣಗಾದಷ್ಟೂ ಒಳಗೆ ಶಬ್ದದ ವೇಗ ಕಡಿಮೆ. ಹತ್ತು ಡಿಗ್ರಿ ಇಳಿದರೆ ಸ್ವರಸ್ಥಾನದ ಮೂರನೇ ಒಂದು ಭಾಗದಷ್ಟು ಶ್ರುತಿ ಇಳಿಯುತ್ತದೆ. ಶ್ರುತಿಪೆಟ್ಟಿಗೆ ಮಾತ್ರ ಇದ್ದಲ್ಲೇ ಇರುತ್ತದೆ. ಹತ್ತು ನಿಮಿಷ ಊದಿ ಕೊಳಲು ಬೆಚ್ಚಗಾಗುವವರೆಗೆ ಹಾಡು ಶುರು ಮಾಡಬಾರದು.

ಹಾಸನದ ವೀಣೆ
ವೀಣೆಗೆ ಬೇಸಿಗೆಯೇ ಕಷ್ಟ. ಮೇಳಗಳನ್ನು ಕೂರಿಸುವುದು ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿದ ಮೇಣದಲ್ಲಿ. ಒಮ್ಮೆ ಮಾರ್ಚಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಮದುವೆ ಊಟಕ್ಕೆ ಹೋದೆ. ಬಂದು ನೋಡಿದರೆ ಮೇಣ ಮೆತ್ತಗಾಗಿ ನಾಲ್ಕು ಮೇಳ ಜರುಗಿದ್ದವು. ಅವತ್ತು ಅತ್ತುಬಿಟ್ಟಿದ್ದೆ.

ಇತಿಹಾಸ ಹಳೇಬೀಡು
ವೀಣೆ ಮೇಡಂ, ನಿಮ್ಮ ಪಟ್ಟಿಯಲ್ಲಿ ವೀಣೆಯ ಶಿಲ್ಪ ಎಷ್ಟಿವೆ?

ಹಾಸನದ ವೀಣೆ
ಹತ್ತಕ್ಕೂ ಹೆಚ್ಚು. ಆದರೆ ಯಾವುದೂ ನನ್ನ ವೀಣೆಯ ಹಾಗಿಲ್ಲ.

ಇತಿಹಾಸ ಹಳೇಬೀಡು
ಇರಲು ಸಾಧ್ಯವೇ ಇಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲ. ಈಗಿನ 24 ಮೇಳದ ವೀಣೆ ರೂಪಕ್ಕೆ ಬಂದದ್ದು 17ನೇ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಅನ್ನುತ್ತಾರೆ. ನಡುವೆ ಐನೂರು ವರ್ಷ. ಗೋಡೆಯ ಮೇಲಿರುವುದು ಉದ್ದ ಕೋಲಿಗೆ ಸೋರೆ ಬುರುಡೆ ಕಟ್ಟಿದ ವಾದ್ಯ. ಎದೆಗೆ ಅಡ್ಡವಾಗಿ ಹಿಡಿದಿರುತ್ತಾರೆ. ತೊಡೆ ಮೇಲೆ ಮಲಗಿಸುವುದಿಲ್ಲ. ಫೋಟೊದ ಕೆಳಗೆ ಸುಮ್ನೆ ವೀಣೆ ಅಂತ ಬರೆಯಬೇಡಿ, ಕೋಲು ವೀಣೆ ಅಂತ ಬರೆಯಿರಿ. ಎಡಗೈ ಎಲ್ಲಿದೆ, ಬುರುಡೆ ಎಷ್ಟಿದೆ ಅಂತಲೂ ಬರೆದಿಡಿ. ನುಡಿಸುವವರ ಕಣ್ಣಿಗೆ ಕಾಣುವುದು ನಮ್ಮಂಥವರ ಕಣ್ಣಿಗೆ ಕಾಣುವುದಿಲ್ಲ. ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ.

ಮೃದಂಗ ಅರಕಲಗೂಡು
ಈ ಜಿಲ್ಲೆಯ ಮಣ್ಣಿನಲ್ಲೇ ಸಂಗೀತವಿದೆ ಬಿಡಿ. ನಮ್ಮ ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣ ಒಂದೇ ಊರಿನಿಂದ ಎಷ್ಟು ವಿದ್ವಾಂಸರು ಬಂದರು! ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ, 1920ರಲ್ಲಿ. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಅಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವತೆಗಳ ಮಂದಿರವಿದೆ. ಗಾಯಕ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ್ದು. ನೋಡಿಲ್ಲದವರು ಒಮ್ಮೆ ಹೋಗಿ ಬನ್ನಿ.

ಪಿಟೀಲು ಬಾಣಾವರ
ವೀಣೆಯ ದೊರೆಸ್ವಾಮಿ ಅಯ್ಯಂಗಾರ್ ಅವರೂ ಹಾಸನ ಜಿಲ್ಲೆಯವರೇ, ಗದ್ದವಳ್ಳಿಯವರು. ಅವರು ಹುಟ್ಟಿದ್ದೂ 1920ರಲ್ಲೇ. ಒಂದೇ ವರ್ಷ, ಒಂದೇ ಜಿಲ್ಲೆ, ಒಬ್ಬರು ಗಾಯನಕ್ಕೆ, ಒಬ್ಬರು ವೀಣೆಗೆ. ಆಕಾಶವಾಣಿಯಲ್ಲಿ ಅವರ ವೀಣೆ ಕೇಳುತ್ತಾ ನಮ್ಮ ತಂದೆ ಕಾಫಿ ತಣ್ಣಗಾದರೂ ಕುಡಿಯುತ್ತಿರಲಿಲ್ಲ.

ಮೃದಂಗ ಸರ್, ಮೊದಲು ನಿಮ್ಮ ಮೇಲೆ ಸ್ವಲ್ಪ ಜೋರಾಗಿ ಬರೆದೆ. ಬೇಜಾರು ಮಾಡಿಕೊಳ್ಳಬೇಡಿ.

ಮೃದಂಗ ಅರಕಲಗೂಡು
ಬೇಜಾರೇನಿಲ್ಲಪ್ಪ. ನಿನ್ನ ಎಂಟು ತಿಂಗಳ ವಿಷಯ ಓದಿ ನಾನೂ ಯೋಚನೆ ಮಾಡಿದೆ. ನನ್ನ ಶಿಷ್ಯನೊಬ್ಬ ಮೊಣಕೈ ನೋವು ಅಂತ ಹೇಳುತ್ತಿದ್ದ. ಸೋಮಾರಿತನ ಅಂದುಕೊಂಡು ಗದರಿದ್ದೆ. ನಿನ್ನೆ ಕರೆದು ಡಾಕ್ಟರಿಗೆ ತೋರಿಸು ಅಂದೆ. ಆದರೂ ಪೂರ್ತಿ ಬಿಡುವುದನ್ನು ನಾನು ಒಪ್ಪುವುದಿಲ್ಲ. ಮೇಡಂ, ನೋವಿರುವುದು ಎಡಗೈಗೆ ತಾನೇ? ಬಲಗೈಗೆ ಏನಾಗಿದೆ? ಬಿಡಿ ತಂತಿ ಮೇಲೆ ಮೀಟು ಸಾಧನೆ ಮಾಡಿ. ನಾಲ್ಕು ತಂತಿಯಲ್ಲೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಕಿರುಬೆರಳಲ್ಲಿ ತಾಳದ ತಂತಿ ಹಾಕಿ. ವರ್ಣವನ್ನು ಬಾಯಲ್ಲಿ ಹಾಡಿ, ಕೈಯಲ್ಲಿ ತಾಳ. ಹಾಡಲು ಬಾರದ್ದನ್ನು ನುಡಿಸಲು ಬರುವುದಿಲ್ಲ. ಆರು ವಾರದಲ್ಲಿ ವರ್ಣ ಬಾಯಿಗೆ ಬಂದರೆ ಆಮೇಲೆ ಬೆರಳು ತಾನೇ ಹುಡುಕಿಕೊಳ್ಳುತ್ತದೆ.

ಹಾಸನದ ವೀಣೆ
ಸರ್, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾಳೆಯೇ ನಮ್ಮ ಮೇಷ್ಟ್ರಿಗೆ ಹೇಳುತ್ತೇನೆ.

ಡೊಳ್ಳು ಬೀರೂರು
ನಡುವೆ ನನ್ನದೊಂದು ಪ್ರಶ್ನೆ. ಮೆರವಣಿಗೆಯಲ್ಲಿ ಡೊಳ್ಳು ಬಾರಿಸಿ ಬಂದ ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಬೆಳಿಗ್ಗೆ ಹೋಗಿರುತ್ತದೆ. ಚಿಂತೆ ಮಾಡಬೇಕಾ?

ಫಿಸಿಯೋ ಚಿಕ್ಕಮಗಳೂರು
ನನ್ನ ವಿಷಯವಲ್ಲ, ಆದರೂ ಹೇಳುತ್ತೇನೆ. ಆ ಗುಂಯ್ ಅನ್ನುವುದು ಕಿವಿ ಕೊಡುವ ಎಚ್ಚರಿಕೆ. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಇಯರ್ ಪ್ಲಗ್ ಹಾಕಿಕೊಂಡೇ ಬಾರಿಸಿ. ಹತ್ತಿ ಸಾಲದು. ಒಂದೇ ಕಿವಿಯಲ್ಲಿ ಬಂದರೆ ಅಥವಾ ಇದ್ದಕ್ಕಿದ್ದಂತೆ ಕೇಳಿಸುವುದು ಕಡಿಮೆಯಾದರೆ ಒಂದು ದಿನವೂ ಕಾಯದೆ ಕಿವಿ ಡಾಕ್ಟರ ಹತ್ತಿರ ಹೋಗಿ.

ಡೊಳ್ಳು ಬೀರೂರು
ಆಯ್ತು ಮೇಡಂ. ತಂಡದವರಿಗೆಲ್ಲ ತರಿಸುತ್ತೇನೆ. ಹುಡುಗರು ಇನ್ನೂ ಹದಿನೆಂಟು ಇಪ್ಪತ್ತರವರು.

ಸಕಲೇಶಪುರದ ಮಳೆ
ಲೆನ್ಸ್ ರಿಪೇರಿಗೆ ಕೊಟ್ಟೆ. ಲೇಪ ಉಳಿದಿದೆಯಂತೆ. ಮೂಡಿಗೆರೆಯವರಿಗೆ ಕೈ ಮುಗಿದೆ. ಅಷ್ಟರಲ್ಲಿ ಮೊಬೈಲಲ್ಲೇ ಕಪ್ಪೆ ಫೋಟೊ ತೆಗೆಯೋಣ ಅಂತ ಹಳ್ಳಕ್ಕೆ ಇಳಿದೆ. ಕಾಲಿಗೆ ಹನ್ನೊಂದು ಇಂಬಳ, ಅದೇ ಜಿಗಣೆ! ಕೆರೆತ ನಾಲ್ಕು ದಿನವಾದರೂ ಹೋಗಿಲ್ಲ.

ಮೂಡಿಗೆರೆ ತೋಟ
ಕಿತ್ತು ಎಸೆದಿರಾ? ಹಾಗೆ ಕೀಳಬಾರದು. ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಜಾರಿಸಬೇಕು, ತಾನೇ ಬಿಡುತ್ತದೆ. ಆಮೇಲೆ ಸೋಪಿನಲ್ಲಿ ತೊಳೆಯಿರಿ. ತೋಟದ ಆಳುಗಳು ಹೊಗೆಸೊಪ್ಪಿನ ನೀರು, ಸುಣ್ಣ ಹಚ್ಚಿಕೊಂಡು ಹೋಗುತ್ತಾರೆ. ನಾನು ಮಂಡಿವರೆಗಿನ ಒತ್ತಾದ ಬಟ್ಟೆಯ ಕಾಲುಚೀಲ ಹಾಕುತ್ತೇನೆ. ಇಂಬಳದಿಂದ ಕೆರೆತ ಬಿಟ್ಟರೆ ದೊಡ್ಡ ಅಪಾಯವಿಲ್ಲ. ನಿಜವಾಗಿ ಹೆದರಬೇಕಾದದ್ದು ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ.

ಕೊಪ್ಪದ ಅಜ್ಜಿಮನೆ
ಹೌದು ಹೌದು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು ನಮ್ಮ ಕಡೆ ನೋಡಿದವರಿಗೆ ಗೊತ್ತು. ಡಿಸೆಂಬರಿನಿಂದ ಮೇವರೆಗೆ ಹಕ್ಕಿ ಫೋಟೊ ಅಂತ ಕಾಡಿಗೆ ನುಗ್ಗುವವರು ಕೇಳಿಸಿಕೊಳ್ಳಿ. ತರಗೆಲೆ ಮೇಲೆ ಕೂರಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ನೆನೆಸಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಿ ಫೋಟೊ ತೆಗೆಯಬೇಡಿ, ಆಸ್ಪತ್ರೆಗೆ ತಿಳಿಸಿ.

ಮಂಜಿನ ಗಿರಿ
ಇದನ್ನು ಎಲ್ಲರೂ ಓದಬೇಕು. ಪ್ರವಾಸಕ್ಕೆ ಬರುವವರಿಗೆ ಇದರ ಗಂಧವೇ ಇಲ್ಲ.

ಹಾಸನದ ವೀಣೆ
ಮೂರು ವಾರದ ನೋಟ್‌ಬುಕ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಬೇಲೂರು ರಸ್ತೆಯವರ ಮಾತೇ ನಿಜವಾಯಿತು. ವೀಣೆ ಬಿಟ್ಟ ಮೊದಲ ವಾರವೂ ಭಾನುವಾರ ಹಳೇಬೀಡಿಗೆ ಹೋಗಿದ್ದೆ. ಸೋಮವಾರ ನೋವು ಹತ್ತಕ್ಕೆ ಎಂಟು. ಮಂಗಳವಾರ ಏಳು. ಶುಕ್ರವಾರದ ಹೊತ್ತಿಗೆ ಮೂರು. ಎರಡನೇ ಭಾನುವಾರ ಮಳೆ ಅಂತ ಹೋಗಲಿಲ್ಲ, ಸೋಮವಾರ ಎರಡೇ. ತೆಂಗಿನಕಾಯಿ ತುರಿದ ದಿನ ಒಂದು ಅಂಕ ಏರುತ್ತದೆ. ಈಗ ಮನೆಯವರು ತುರಿದು ಕೊಡುತ್ತಾರೆ. ಮೊಬೈಲ್ ಬಲಗೈಗೆ ಬಂತು.

ಡಾಕ್ಟರಿಗೆ ನೋಟ್‌ಬುಕ್ ತೋರಿಸಿದೆ. ತುಂಬಾ ಸಮಾಧಾನದಿಂದ ಓದಿದರು. ಹೆಬ್ಬೆರಳನ್ನು ಹಿಡಿದಿಡುವ ಪಟ್ಟಿ ಕೊಟ್ಟಿದ್ದಾರೆ. ಇನ್ನೂ ಮೂರು ವಾರ ಹಾಕಬೇಕು. ಕಡಿಮೆಯಾಗದಿದ್ದರೆ ಇಂಜೆಕ್ಷನ್ ಬಗ್ಗೆ ಯೋಚಿಸೋಣ ಅಂದರು. ಸಕ್ಕರೆ, ಥೈರಾಯ್ಡ್ ಎರಡೂ ಸರಿಯಿದೆ.

ನಮ್ಮ ಮೇಷ್ಟ್ರು ಮೊದಲು ಮುಖ ಸಣ್ಣ ಮಾಡಿದರು. ಬಲಗೈ ಸಾಧನೆ ಅಂದ ಮೇಲೆ ಅವರಿಗೇ ಹುರುಪು ಬಂತು. ನನ್ನ ಮೀಟು ಇಷ್ಟು ದಿನ ಒರಟಾಗಿತ್ತಂತೆ. ಎಡಗೈಯ ಗಡಿಬಿಡಿಯಲ್ಲಿ ಅದನ್ನು ಹೇಳಿರಲಿಲ್ಲವಂತೆ. ಈಗ ಬರೀ ಸಾರಣಿ ಅನ್ನುವ ಮೊದಲ ತಂತಿಯ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ.

ಪಿಟೀಲು ಬಾಣಾವರ
ಓದಿ ಕಣ್ಣು ತುಂಬಿತು ಅಕ್ಕ. ನನಗೆ ಆಗ ಇಂಥ ಮೇಷ್ಟ್ರು ಇರಬೇಕಿತ್ತು.

ಫಿಸಿಯೋ ಚಿಕ್ಕಮಗಳೂರು
ಮತ್ತೆ ವೀಣೆ ಹಿಡಿಯುವಾಗ ಹತ್ತು ನಿಮಿಷದಿಂದ ಶುರು ಮಾಡಿ. ಎಡ ತೊಡೆಯ ಕೆಳಗೆ ದಪ್ಪ ದಿಂಬು ಇಟ್ಟು ನೋಡಿ. ವೀಣೆ ಸ್ವಲ್ಪ ಮೇಲೆ ಬಂದರೆ ಮಣಿಕಟ್ಟು ಅಷ್ಟು ಬಾಗುವುದಿಲ್ಲ. ಹೆಬ್ಬೆರಳಿಂದ ದಂಡಿಯನ್ನು, ಅಂದರೆ ವೀಣೆಯ ಉದ್ದನೆಯ ಕೋಲನ್ನು, ಹಿಂಡಬೇಡಿ. ನೋವು ಮೂರು ದಾಟಿದರೆ ಅವತ್ತಿಗೆ ಸಾಕು.

ಹಾಸನದ ವೀಣೆ
ಸೆಪ್ಟೆಂಬರ್ ಬಂತು. ಏಳು ವಾರದ ಮೇಲೆ ನಿನ್ನೆ ಎಡಗೈ ಮೇಳ ಮುಟ್ಟಿತು. ದಿಂಬು ಇಟ್ಟುಕೊಂಡು ಹತ್ತು ನಿಮಿಷ. ವರ್ಣದ ಪಲ್ಲವಿ ಮಾತ್ರ. ಬೆರಳು ಅಲ್ಲಲ್ಲಿ ತಡವರಿಸಿತು. ಆದರೆ ಮುಂದಿನ ಸ್ವರ ಯಾವುದು ಅಂತ ಒಂದು ಸಲವೂ ಯೋಚಿಸಬೇಕಾಗಲಿಲ್ಲ. ಬಾಯಿಗೆ ಬಂದಿತ್ತಲ್ಲ.

ಇವತ್ತು ಹಳೇಬೀಡಿಗೂ ಹೋಗಿ ಬಂದೆ. ದೊಡ್ಡ ಲೆನ್ಸ್ ಮನೆಯಲ್ಲೇ ಬಿಟ್ಟು 50 ಎಂಎಂ ಒಂದನ್ನೇ ಒಯ್ದೆ. ದೂರದಿಂದ ಎಳೆದು ತೆಗೆಯಲು ಆಗುವುದಿಲ್ಲವಲ್ಲ, ಗೋಡೆಯ ಹತ್ತಿರವೇ ಹೋಗಿ ನಿಲ್ಲಬೇಕಾಯಿತು. ಇಷ್ಟು ದಿನ ಮೇಲಿನ ದೊಡ್ಡ ಶಿಲ್ಪಗಳನ್ನೇ ನೋಡುತ್ತಿದ್ದೆ. ಇವತ್ತು ಕೆಳಗೆ, ಆನೆ, ಕುದುರೆ ಸಾಲುಗಳ ಮೇಲಿನ ಕಥೆಯ ಪಟ್ಟಿಕೆಯಲ್ಲಿ, ಗೇಣುದ್ದ ಕೂಡ ಇಲ್ಲದ ಒಬ್ಬ ಮದ್ದಳೆಯವ ಸಿಕ್ಕಿದ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ತಲೆ ವಾಲಿಸಿ ಬಾರಿಸುತ್ತಿದ್ದಾನೆ. ಅವನ ಪಕ್ಕದಲ್ಲಿ ತಾಳದವಳು. ಎರಡು ಗಂಟೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಬೆರಳುಗಳು ಒಂದೊಂದೂ ಬೇರೆ ಬೇರೆ ಕಾಣುತ್ತವೆ. ಫೋಟೊ 213.

ಮೃದಂಗ ಅರಕಲಗೂಡು
ಆ ಫೋಟೊ ಹಾಕಿ ಮೇಡಂ. ಬಲಗೈ ಯಾವ ಬೆರಳು ಕರಣೆಯ, ಅಂದರೆ ನಡುವಿನ ಕಪ್ಪು ಬೊಟ್ಟಿನ, ಮೇಲಿದೆ ನೋಡಬೇಕು.

ಇತಿಹಾಸ ಹಳೇಬೀಡು
ಯಾವ ಮೂಲೆ, ಬಾಗಿಲಿಂದ ಎಷ್ಟನೇದು ಅಂತಲೂ ಬರೆಯಿರಿ. ನಾಳೆಯೇ ಹೋಗಿ ನೋಡುತ್ತೇನೆ.

ಸಕಲೇಶಪುರದ ಮಳೆ
ಹಾಸನದಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಎಲ್ಲಿ ಸಿಗುತ್ತದೆ? ಇಲ್ಲಿ ಎರಡು ಅಂಗಡಿಯಲ್ಲಿ ಕೇಳಿದೆ, ನೀಲಿಯೇ ಇರುವುದು.